ಕೋಟೆಗಿಂತ ದುಬಾರಿ ಕೋಣೆ

ಆ ಮನೆಯಲ್ಲಿ ಸಿಟ್ಟು ಮಾಡಿಕೊಳ್ಳಲು ಎಲ್ಲರಿಗೂ ಒಂದೊಂದು ಬಾಗಿಲಿತ್ತು. ಅಕ್ಕ ಮುನಿಸಿಕೊಂಡರೆ ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಹಾಗೆ ಹೊರಗುಳಿದ ಭಾವ ಅಡುಗೆಮನೆಯ ಬಾಗಿಲನ್ನು ಮುಂದೆ ಮಾಡಿಕೊಂಡು, ತಮಗೊಬ್ಬರಿಗೇ ಚಹಾ ಕಾಸಿಕೊಂಡು ಸೇಡು ತೀರಿಸಿಕೊಳ್ಳುತ್ತಿದ್ದರು. ಅವರ ಮಗಳಂತೂ ಬುದ್ಧಿ ಬಂದಾಗಿನಿಂದ ತನ್ನ ಕೋಣೆಯ ಬಾಗಿಲನ್ನು ದಡಾರನೆ ಹಾಕಿ ಹಾಕಿ ಅದರ ಕೀಲುಗಳೇ ಸಡಿಲವಾಗಿದ್ದವು. ಬಾಗಿಲಿಲ್ಲದವಳೆಂದರೆ ಚಿಕ್ಕಮ್ಮ ಒಬ್ಬಳೇ. ಅವಳಿಗೆ ಅಳು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಬೇಕಿತ್ತು. ಅಲ್ಲೂ ಅಳು ಒಂದು ಹದಕ್ಕೆ ಬರುವಷ್ಟರಲ್ಲಿ ಯಾರಾದರೂ ಬಾಗಿಲು ತಟ್ಟಿ, ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಿದ್ದರು.

ಚಿಕ್ಕಮ್ಮ ಎಂದರೆ ಅಕ್ಕನ ಒಡಹುಟ್ಟಿದ ತಂಗಿ. ಅಕ್ಕನ ಮಗಳು ಕರೆಯುವುದನ್ನು ಕೇಳಿ ಕೇಳಿ ಅಕ್ಕ, ಭಾವ, ಪಕ್ಕದ ಮನೆಯವರು, ಪೇಪರು ಹಾಕುವವನು, ಎಲ್ಲರಿಗೂ ಅವಳು ಚಿಕ್ಕಮ್ಮನೇ ಆಗಿಬಿಟ್ಟಿದ್ದಳು. ಕೆಲಸ ಸಿಕ್ಕ ಹೊಸದರಲ್ಲಿ, ಬಾಡಿಗೆಗೆ ಒಂದು ಗೂಡು ಸಿಗುವ ತನಕ ಎರಡು ತಿಂಗಳು ಇರುತ್ತೇನೆ ಎಂದು ಬಂದವಳು. ಆ ಎರಡು ತಿಂಗಳು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಅವಳ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಮದುವೆಯ ಮಾತು ಒಂದೆರಡು ಸಲ ಬಂದು, ಕುಳಿತು, ಚಹಾ ಕುಡಿದು ಎದ್ದು ಹೋಗಿತ್ತು. ಅವಳನ್ನು ಹೋಗು ಅಂದವರಿಲ್ಲ. ಯಾರಾದರೂ ಒಂದು ಮಾತು ಅಂದಿದ್ದರೆ ಅದನ್ನೇ ನೆಪ ಮಾಡಿಕೊಂಡು ಗಂಟುಮೂಟೆ ಕಟ್ಟಬಹುದಿತ್ತು. ಅನ್ನುವವರೇ ಇಲ್ಲದ ಮನೆಯಿಂದ ಹೊರಡುವುದು ಬಲು ಕಷ್ಟದ ಕೆಲಸ.

ಅವಳ ಮಂಚ ನಡುಮನೆಯಲ್ಲಿ. ಬೆಳಗಾದರೆ ಮಡಚಿ ಸೋಫಾದ ಹಿಂದೆ ನಿಲ್ಲಿಸುವ ಮಂಚ. ಬಟ್ಟೆಬರೆಗೆ ಅಕ್ಕನ ಮಗಳ ಬೀರುವಿನ ಕೆಳಗಿನ ಅಂಕಣ. ಅಡುಗೆಮನೆಗೆ, ಬಚ್ಚಲಿಗೆ, ಬಾಲ್ಕನಿಗೆ ಹೋಗುವವರೆಲ್ಲ ಅವಳ ಕಾಲ ಬಳಿಯೇ ಹಾದುಹೋಗಬೇಕು. ಬೆಳಗಿನ ಜಾವ ನೀರು ಕುಡಿಯಲು ಏಳುವ ಭಾವ, ಪಾಪ ಅವಳಿಗೆ ಎಚ್ಚರವಾಗದಿರಲಿ ಎಂದು ತುದಿಗಾಲಲ್ಲಿ ಮಂಚವನ್ನು ಬಳಸಿಕೊಂಡು ಹೋಗಲು ನೋಡಿ, ದಿನವೂ ಊಟದ ಟೇಬಲಿನ ಮೂಲೆಗೆ ತೊಡೆ ತಗುಲಿಸಿಕೊಂಡು ನೋವಿಗೆ ಹಾಯ್ ಎನ್ನುತ್ತಿದ್ದರು. ಆ ಹಾಯ್ ಅನ್ನುವುದೇ ಅವಳ ಅಲಾರಂ. ಮನೆ ಬಾಡಿಗೆಯದು. ಒಂದು ಮೊಳೆ ಹೊಡೆದರೂ ಮುಖ ಊದಿಸಿಕೊಳ್ಳುವ ಮನೆಯೊಡೆಯರಿರುವಾಗ ಅಡ್ಡಗೋಡೆಯ ಮಾತನ್ನು ಯಾರು ಎತ್ತುತ್ತಾರೆ?

ತಮಾಷೆಯೆಂದರೆ ಚಿಕ್ಕಮ್ಮನ ಹೊಟ್ಟೆಪಾಡು ಗೋಡೆ ಬಾಗಿಲುಗಳದ್ದೇ. ಮನೆ ಕಟ್ಟಿಸಿಕೊಡುವವರೊಬ್ಬರ ಆಫೀಸಿನಲ್ಲಿ ಅವಳು ಖರ್ಚಿನ ಅಂದಾಜು ಹಾಕುತ್ತಿದ್ದಳು. ನಕ್ಷೆಯನ್ನು ಮುಂದಿಟ್ಟರೆ ಇಷ್ಟು ಇಟ್ಟಿಗೆ, ಇಷ್ಟು ಮರಳು, ಇಷ್ಟು ಕೂಲಿ, ಇಷ್ಟು ಬಾಗಿಲು, ಬಾಗಿಲಿಗೆ ಇಷ್ಟು ಚಿಲಕ ಎಂದು ಹೇಳಿಬಿಡುತ್ತಿದ್ದಳು. ಅಲ್ಲಿ ಅವಳನ್ನು ಎಲ್ಲರೂ ಅಂದಾಜಕ್ಕ ಎನ್ನುತ್ತಿದ್ದರು. ಅವಳದೊಂದು ಹಟವಿತ್ತು: ಜಾಗ ಎಲ್ಲಿ ಎಂದು ತಿಳಿಯದೆ ಯಾವ ಅಂದಾಜಿಗೂ ಕೈ ಹಾಕುವವಳಲ್ಲ. ಗೋಡೆ ಎಲ್ಲಿ ಕಟ್ಟಿದರೂ ಗೋಡೆಯೇ, ಮನೆಗೆ ಬೆಲೆ ಬರುವುದು ಅದು ನಿಂತ ಜಾಗದಿಂದ ಎನ್ನುತ್ತಿದ್ದಳು.

ಭಾನುವಾರ ಮಧ್ಯಾಹ್ನ ಊಟದ ಟೇಬಲು ಬರಿದಾದ ಮೇಲೆ ಆ ಮನೆಯಲ್ಲಿ ಒಂದು ಆಟ ನಡೆಯುತ್ತಿತ್ತು. ಅಕ್ಕನ ಮಗಳು ಕಾಲೇಜಿನಿಂದ ತಂದ ಗೀಳು. ಅವಳು ಕಥೆ ನಡೆಸುವವಳು. ಕಾಡು ಬಂತು, ಸೇತುವೆ ಮುರಿದಿದೆ, ಆಚೆ ಒಬ್ಬ ರಾಕ್ಷಸ ನಿಂತಿದ್ದಾನೆ, ಏನು ಮಾಡುತ್ತೀರಿ ಎಂದು ಕೇಳುತ್ತಾಳೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಿ ದಾಳ ಉರುಳಿಸುತ್ತಾರೆ. ದಾಳ ಒಲಿದರೆ ಗೆದ್ದರು, ಇಲ್ಲದಿದ್ದರೆ ಹೊಳೆಗೆ ಬಿದ್ದರು. ಹಲ್ಲಿ ಕಂಡರೆ ಕುರ್ಚಿ ಹತ್ತುವ ಭಾವ ಇಲ್ಲಿ ಮಹಾಯೋಧ. ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ಅರ್ಧ ದಾರಿಯಿಂದ ಮರಳಿ ಹೋಗುವ ಅಕ್ಕ ಇಲ್ಲಿ ನಂಬರ್ ಒನ್ ಕಳ್ಳಿ. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಆರಡಿ ಎತ್ತರದವರು. ಆಟದಲ್ಲಿ ಅವರು ಕೊಡಲಿ ಹಿಡಿದ ಕುಳ್ಳ. ಚಿಕ್ಕಮ್ಮ ಊರೂರು ಅಲೆಯುವ ಮುದಿ ಮಾಟಗಾತಿ. ಆ ಮುದುಕಿಗೆ ಒಂದು ಕೋಲು, ಒಂದು ಗಂಟು, ಗಾಯಕ್ಕೆ ಹಚ್ಚುವ ಮದ್ದು ಬಿಟ್ಟರೆ ಬೇರೆ ಆಸ್ತಿಯಿರಲಿಲ್ಲ.

ಒಂದು ಭಾನುವಾರ ನಾಲ್ವರೂ ಸೇರಿ ಬೆಂಕಿ ಉಗುಳುವ ಡ್ರ್ಯಾಗನ್ ಒಂದನ್ನು ಕೊಂದರು. ಅದರ ಹೊಟ್ಟೆಯ ಕೆಳಗೆ ರಾಶಿ ಚಿನ್ನ. ಇನ್ನು ಮರದಡಿ ಮಲಗುವುದು ಸಾಕು, ನಮಗೊಂದು ನೆಲೆ ಬೇಕು ಎಂದು ಭಾವ ಟೇಬಲು ಗುದ್ದಿದರು. ಅವರಿಗೆ ಬಾವುಟ ಹಾರುವ ಕೋಟೆಯೇ ಆಗಬೇಕು. ಆದರೆ ಆಟದ ಪುಸ್ತಕದಲ್ಲಿ ಕತ್ತಿಗೆ ಬೆಲೆಯಿತ್ತು, ಕುದುರೆಗಿತ್ತು, ಹಗ್ಗಕ್ಕೂ ಇತ್ತು, ಮನೆಗೆ ಮಾತ್ರ ಇರಲಿಲ್ಲ. ಕಥೆ ನಡೆಸುವವರು ತಾವೇ ಗೊತ್ತುಮಾಡಿಕೊಳ್ಳತಕ್ಕದ್ದು ಎಂದು ಪುಸ್ತಕದವರು ಬರೆದು ಕೈತೊಳೆದುಕೊಂಡಿದ್ದರು. ಹುಡುಗಿ ತಲೆ ಕೆರೆದುಕೊಂಡು ಚಿಕ್ಕಮ್ಮನ ಕಡೆ ತಿರುಗಿದಳು.

“ದಿನಾ ಇದೇ ಕೆಲಸ ತಾನೇ ನಿಂದು? ನೀನೇ ಹಾಕಿಕೊಡು. ಕೋಟೆ, ಗೋಪುರ, ಹಾಳು ಬಂಗಲೆ, ನಿಂಗೆ ಏನೇನು ತೋಚುತ್ತೋ ಎಲ್ಲದಕ್ಕೂ.”

ಚಿಕ್ಕಮ್ಮ ಆ ವಾರವಿಡೀ ಬಸ್ಸಿನಲ್ಲಿ ಕುಳಿತು ಆ ಕೆಲಸ ಮಾಡಿದಳು. ಬಹಳ ದಿನಗಳಿಂದ ಅವಳಿಗೆ ಯಾವ ಕೆಲಸದಲ್ಲೂ ಅಷ್ಟು ಖುಷಿ ಸಿಕ್ಕಿರಲಿಲ್ಲ. ಕೂಲಿಯಾಳಿಗೆ ದಿನಕ್ಕೆ ಒಂದು ಬೆಳ್ಳಿ ನಾಣ್ಯ ಎಂದು ಪುಸ್ತಕದಲ್ಲಿತ್ತು. ಕೂಲಿ ಗೊತ್ತಾದರೆ ಸಾಕು, ಕಲ್ಲಿನ ಬೆಲೆ, ಮರದ ಬೆಲೆ ತಾನಾಗಿ ಹೊರಡುತ್ತದೆ. ಗೋಪುರ ಮೇಲೇರಿದಷ್ಟೂ ದುಬಾರಿ, ಅರ್ಧ ಜಾಗವನ್ನು ಮೆಟ್ಟಿಲೇ ತಿಂದುಹಾಕುತ್ತದೆ. ದೆವ್ವವಿರುವ ಬಂಗಲೆ ಅಗ್ಗ, ಆದರೆ ದೆವ್ವ ಬಿಡಿಸುವ ಖರ್ಚು ಕೊಂಡವರದು, ಬಿಟ್ಟುಹೋಗುವ ಖಾತರಿ ಇಲ್ಲ. ಮಂತ್ರ ಹಾಕಿ ಗೋಡೆ ಎಬ್ಬಿಸಿದರೆ ಕೂಲಿ ಉಳಿಯುತ್ತದೆ, ಆದರೆ ಮಂತ್ರವಾದಿ ಮುಂಗಡ ತೆಗೆದುಕೊಂಡು ನಾಪತ್ತೆಯಾಗುವ ಸಂಭವವುಂಟು, ಎಷ್ಟು ಗುತ್ತಿಗೆದಾರರನ್ನು ನೋಡಿಲ್ಲ! ಕೋಟೆಗೆ ಕಂದಕದ ಹೂಳೆತ್ತುವ ಖರ್ಚು, ಕಾವಲುಗಾರರ ಸಂಬಳ ಎಲ್ಲ ಸೇರಿಸಿದಳು. ಜಾಗದ ಬೆಲೆ ಮಾತ್ರ ಸೊನ್ನೆ. ಕೋಟೆ ನಿಲ್ಲುವುದು ಗಡಿಯಲ್ಲಿ, ಗಡಿಯಲ್ಲಿ ದೈತ್ಯರ ಕಾಟ. ಅಲ್ಲಿ ಯಾರಾದರೂ ಹೋಗಿ ನಿಲ್ಲುತ್ತೇನೆಂದರೆ ರಾಜ ಜಾಗವನ್ನು ಬಿಟ್ಟಿ ಕೊಟ್ಟಾನು.

ಕೊನೆಯಲ್ಲಿ, ಯಾರೂ ಕೇಳದಿದ್ದ ಒಂದು ಬಾಬ್ತನ್ನು ತಾನಾಗಿಯೇ ಸೇರಿಸಿದಳು. ಒಂದು ಕೋಣೆ. ಬೆಳಕು ಬರುವ ಕಡೆಗೊಂದು ಕಿಟಕಿ, ಕುಳಿತುಕೊಳ್ಳುವಷ್ಟು ಅಗಲದ ಅದರ ಕಟ್ಟೆ. ಕೋಲು ಆನಿಸಲು ಮೂಲೆ, ಗಂಟು ತೂಗುಹಾಕಲು ಗೂಟ. ಒಳಗಿನಿಂದ ಚಿಲಕ.

ಅದು ಹಾಗೆ ನೆನಪಾಗುವುದಕ್ಕೆ ಕಾರಣವಿತ್ತು. ಅವಳ ಆಫೀಸಿನವರು ಬಸ್ಸಿನಲ್ಲಿ ಇಡೀ ದಿನದ ದಾರಿಯ ಬೇರೊಂದು ಊರಿನಲ್ಲಿ ದೊಡ್ಡ ಬಡಾವಣೆಯೊಂದರ ಕೆಲಸ ಹಿಡಿದಿದ್ದರು. ಅಂದಾಜಕ್ಕ ಅಲ್ಲಿಗೆ ಬರುವುದಾದರೆ ಅವರದೇ ಕಟ್ಟಡದ ಮೇಲೆ ಇರಲು ಒಂದು ಕೋಣೆ ಉಂಟು, ಸೋಮವಾರದೊಳಗೆ ಹೇಳಿ ಎಂದಿದ್ದರು. ಅಳತೆಯ ನೆಪದಲ್ಲಿ ಅವಳು ಒಂದು ಸಲ ಹೋಗಿ ಅದನ್ನು ನೋಡಿಯೂ ಬಂದಿದ್ದಳು. ಕಿಟಕಿಯಾಚೆ ಸಿಮೆಂಟು ಚೀಲಗಳ ಗುಡ್ಡೆ. ಬಾಗಿಲಿಗೆ ಇನ್ನೂ ವಾರ್ನಿಷ್ ವಾಸನೆ. ಮೇಸ್ತ್ರಿ ಕೆಳಗಿಳಿದು ಹೋದಮೇಲೆ ಅವಳು ಒಳಗೆ ನಿಂತು ಚಿಲಕ ಹಾಕಿದಳು. ತೆಗೆದಳು. ಮತ್ತೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನಲವತ್ತು ದಾಟಿದ ಹೆಂಗಸು ಚಿಲಕದ ಜೊತೆ ಆಡಿದಳೆಂದರೆ ನಗಬೇಡಿ. ಆ ಬಾಗಿಲು ಅವಳಿಗೆ ಬೇಕಾಗಿತ್ತು, ಹಸಿದವರಿಗೆ ಅನ್ನ ಬೇಕಾಗುವಂತೆ ಬೇಕಾಗಿತ್ತು. ಬರುವಾಗ ಬೀಗದ ಕೈಯನ್ನು ಮೇಸ್ತ್ರಿ ಅವಳ ಕೈಗೇ ಕೊಟ್ಟಿದ್ದ. ಅದು ಈಗ ಅವಳ ಚೀಲದ ತಳದಲ್ಲಿತ್ತು. ಮನೆಯಲ್ಲಿ ಅವಳು ಈ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ಭಾನುವಾರ ಬಂತು. ಅಕ್ಕನ ಮಗಳು ಅಂದಾಜನ್ನು ಗಟ್ಟಿಯಾಗಿ ಓದಿದಳು. ದೆವ್ವದ ಖಾತರಿಗೆ ಮೇಷ್ಟ್ರು ಕೆಮ್ಮುವಷ್ಟು ನಕ್ಕರು. ಡ್ರ್ಯಾಗನ್ನಿನ ಚಿನ್ನದಲ್ಲಿ ಕೋಟೆಯನ್ನೇ ಕೊಳ್ಳಬಹುದು, ಮೇಲೆ ಒಂದಷ್ಟು ಉಳಿಯುತ್ತದೆ ಎಂದಾಗ ಭಾವ ಮೀಸೆ ತಿರುವಿದರು. ಕೊನೆಯ ಬಾಬ್ತಿಗೆ ಬಂದ ಹುಡುಗಿ ಓದುವುದನ್ನು ನಿಲ್ಲಿಸಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು.

“ಚಿಕ್ಕಮ್ಮ, ಇಲ್ಲೆಲ್ಲೋ ತಪ್ಪಾಗಿದೆ. ಒಂದು ಕೋಣೆಗೆ ಕೋಟೆಗಿಂತ ಜಾಸ್ತಿ ಹಾಕಿದ್ದೀಯ.”

ತಪ್ಪೇನಿಲ್ಲ ಎಂದಳು ಚಿಕ್ಕಮ್ಮ. ಗೋಡೆ ಚಿನ್ನದ್ದೇ ಎಂದು ಮೇಷ್ಟ್ರು ಕೇಳಿದರು. ಗೋಡೆ ಮಣ್ಣಿನದು. ಹಾಗಾದರೆ ಚಿಲಕವೇನಾದರೂ ವಜ್ರದ್ದೇ ಎಂದರು ಭಾವ. ಚಿಲಕ ಕಬ್ಬಿಣದ್ದೇ. ಹುಡುಗಿ ಬಿಡಲಿಲ್ಲ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಇಳಿಯುತ್ತ ಹೋಗಿ ಜಾಗದ ಸಾಲಿಗೆ ಬಂದು ನಿಂತಳು. ಬೆಲೆಯೆಲ್ಲ ಅಲ್ಲಿ ಕುಳಿತಿತ್ತು.

“ಅಷ್ಟು ದುಬಾರಿ ಜಾಗ ಎಲ್ಲಿದೆ ಇದು?”

ಚಿಕ್ಕಮ್ಮ ಸುಮ್ಮನೆ ತಮಾಷೆ ಮಾಡಿ ತೇಲಿಸಿಬಿಡಬಹುದಿತ್ತು. ಆದರೆ ಜಾಗ ಎಲ್ಲಿ ಎಂದು ಕೇಳಿದರೆ ಸರಿಯಾಗಿ ಹೇಳಬೇಕೆಂಬುದು ಅವಳ ಕೆಲಸದ ರೂಢಿ. ಆ ರೂಢಿ ಬಾಯಿಂದ ಮಾತನ್ನು ಎಳೆದುಹಾಕಿತು.

“ನಮ್ಮವರ ಅಡುಗೆಮನೆ ಸದ್ದು ಕೇಳಿಸ್ಬೇಕು, ಅಷ್ಟು ಹತ್ತಿರ. ಪಾತ್ರೆ ಇಟ್ಟಿದ್ದು, ಯಾರೋ ಯಾರನ್ನೋ ಬೈದಿದ್ದು, ಎಲ್ಲ ಕೇಳಿಸ್ಬೇಕು. ಬಾಗಿಲು ಮಾತ್ರ ನಂದಾಗಿರ್ಬೇಕು. ಅಂಥ ಜಾಗ ಎಲ್ಲೂ ಮಾರಾಟಕ್ಕಿಲ್ಲ. ಅದಕ್ಕೇ ಕಂಡಾಪಟ್ಟೆ ಹಾಕಿದ್ದೀನಿ.”

ಆಟದ ಮುದುಕಿಯ ಮಾತಲ್ಲ ಇದು ಎಂದು ಎಲ್ಲರಿಗೂ ಗೊತ್ತಾಯಿತು. ಇನ್ನು ಮುಚ್ಚಿಟ್ಟು ಏನು ಎಂದು ಅವಳು ಸೋಮವಾರದ ವಿಷಯವನ್ನೂ ಹೇಳಿ, ಚೀಲದಿಂದ ಬೀಗದ ಕೈ ತೆಗೆದು ದಾಳಗಳ ಪಕ್ಕದಲ್ಲಿಟ್ಟಳು. ಭಾವ ಅದನ್ನು ಮುಟ್ಟಿ ನೋಡಿ, ಬಿಸಿ ತಾಗಿದವರಂತೆ ಕೈ ತೆಗೆದರು. ನಾವೇನಾದರೂ ಅಂದೆವೇನಮ್ಮ ಎಂದು ಮೆಲ್ಲಗೆ ಕೇಳಿದರು. ಇಲ್ಲ ಭಾವ, ಯಾರೂ ಏನೂ ಅಂದಿಲ್ಲ, ಅದೇ ಕಷ್ಟ ಎಂದಳು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಒಂದು ಮುಚ್ಚಳ ನೆಲಕ್ಕೆ ಬಿದ್ದು ಬಹಳ ಹೊತ್ತು ಗಿರಗಿರ ತಿರುಗಿ ಸುಮ್ಮನಾಯಿತು.

“ಇಷ್ಟು ವರ್ಷ ಒಂದು ಬಾಗಿಲು ಬೇಕು ಅಂತ ಬಾಯಿ ಬಿಟ್ಟು ಹೇಳಲಿಲ್ವಲ್ಲೇ ನೀನು,” ಎಂದಿತು ಅಕ್ಕನ ದನಿ ಒಳಗಿನಿಂದ.

“ಹೇಳಿದ್ರೆ ಎಲ್ಲಿಂದ ತರ್ತಿದ್ದೆ ಅಕ್ಕ?”

ಅಷ್ಟು ವರ್ಷ ಒಂದೇ ಸೂರಿನಡಿ ಕಳೆದು, ಒಬ್ಬರಿಗೊಬ್ಬರು ಏನೂ ಅನ್ನದೆ ಎಷ್ಟು ಜೋಪಾನವಾಗಿ ಇದ್ದುಬಿಟ್ಟೆವಲ್ಲ ಎಂದು ಚಿಕ್ಕಮ್ಮನಿಗೆ ಅನ್ನಿಸಿತು.

ಅಕ್ಕನ ಮಗಳಿಗೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದು. ತಿಳಿದದ್ದು ಆಟ ಒಂದೇ. ಅವಳು ಕಥೆ ಹೇಳುವ ದನಿ ಮಾಡಿಕೊಂಡು, ಸಂತೆ ಮುಗಿಯುತ್ತ ಬಂತು, ಜಾಗ ಮಾರುವವನು ಕಾದಿದ್ದಾನೆ, ಏನು ಕೊಳ್ಳುತ್ತೀರಿ ಎಂದಳು. ಮೇಷ್ಟ್ರು ತಕ್ಷಣ ಕುಳ್ಳನ ಪಾಲಿನ ಚಿನ್ನವನ್ನೆಲ್ಲ ಮುಂದೆ ತಳ್ಳಿದರು. ನಾನು ಗುಹೆಯಲ್ಲಿ ಹುಟ್ಟಿದವನು, ನನಗೆ ಕೋಟೆಯ ಗಾಳಿ ಆಗಿಬರುವುದಿಲ್ಲ, ಮುದುಕಿಗೆ ಕೋಣೆ ಕೊಡಿಸಿ ಎಂದರು. ಮಹಾಯೋಧ ಬಾವುಟವನ್ನು ಒಂದು ಗಳಿಗೆ ನೆನೆದು, ತನ್ನ ಪಾಲನ್ನೂ ಕೊಟ್ಟುಬಿಟ್ಟ. ಮುದುಕಿಯ ಪಾಲೂ ಸೇರಿತು. ಇನ್ನೂ ಬಹಳ ಕಡಿಮೆಯಿತ್ತು. ಅಷ್ಟರಲ್ಲಿ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕುಳಿತಳು. ಅವಳ ಕಣ್ಣು ಕೆಂಪಗಿತ್ತು.

“ನನ್ನ ಪಾಲು ಹಾಕ್ಕೊಳ್ಳಿ. ಸಾಲದೇ ಇದ್ರೆ ಅರಮನೆಗೆ ಕನ್ನ ಹಾಕ್ತೀನಿ. ಕೊಡು ದಾಳ.”

ಅಕ್ಕನಿಗೆ ದಾಳ ಒಲಿಯಿತು. ಕಳ್ಳಿ ಅರಮನೆಯ ತಿಜೋರಿಯನ್ನೇ ಹೊತ್ತು ತಂದಳು. ಕೋಣೆ ಮುದುಕಿಯದಾಯಿತು. ಉಳಿದ ಮೂವರೂ ಬರಿಗೈಯವರಾಗಿ ಅದರ ಹೊರಗಿನ ಅಂಗಳದಲ್ಲಿ ಒಲೆ ಹೂಡಿದರು. ಮುದುಕಿ ಒಳಗೆ ಹೋಗಿ ಗಂಟನ್ನು ಗೂಟಕ್ಕೆ ಹಾಕಿ, ಕೋಲನ್ನು ಮೂಲೆಗೆ ಆನಿಸಿ, ಚಿಲಕ ಹಾಕಿಕೊಂಡಳು. ಹೊರಗಿನವರ ಮಾತು ಕೇಳಿಸುತ್ತದೆಯೇ ನೋಡೋಣ, ಉರುಳಿಸು ಎಂದಳು ಹುಡುಗಿ.

ಚಿಕ್ಕಮ್ಮ ದಾಳ ಉರುಳಿಸಿದಳು. ಒಂದು ಬಿತ್ತು. ಅದಕ್ಕಿಂತ ಕಡಿಮೆ ಆ ದಾಳದಲ್ಲಿರಲಿಲ್ಲ.

ಗೋಡೆ ದಪ್ಪ, ಏನೂ ಕೇಳಿಸುವುದಿಲ್ಲ ಎಂದು ಹೇಳಬೇಕಾದ ಹುಡುಗಿ ಹೇಳಲಾರದೆ, ದಾಳ ಓರೆಯಾಗಿ ನಿಂತಿದೆ, ಇನ್ನೊಂದು ಸಲ ಹಾಕು ಎಂದಳು. ಭಾವನೂ ಹೌದೌದು, ಓರೆಯಾಗಿಯೇ ಇದೆ ಎಂದರು. ದಾಳ ನೆಟ್ಟಗೆ ಮಲಗಿತ್ತು. ಬಿದ್ದದ್ದು ಬಿತ್ತು, ಬಿಡಿ ಎಂದು ಚಿಕ್ಕಮ್ಮ ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡಳು.

ಬುಧವಾರ ಅವಳು ಹೊರಟಳು. ಬೀರುವಿನ ಕೆಳಗಿನ ಅಂಕಣ ಒಂದೇ ಸೂಟ್‌ಕೇಸಿಗೆ ಹಿಡಿಸಿತು. ಬಸ್ ನಿಲ್ದಾಣದಲ್ಲಿ ಭಾವ ಹವಾಮಾನ, ರಸ್ತೆ, ಡ್ರೈವರನ ಮುಖಲಕ್ಷಣ ಎಲ್ಲದರ ಬಗ್ಗೆಯೂ ಮಾತಾಡಿದರು. ಅಕ್ಕ ಕಿಟಕಿಯ ಕಂಬಿ ಹಿಡಿದುಕೊಂಡು ನಿಂತವಳು ಬಸ್ಸು ಕದಲಿದ ಮೇಲೆಯೂ ನಾಲ್ಕು ಹೆಜ್ಜೆ ಜೊತೆಗೇ ನಡೆದಳು.

ಈಗ ಚಿಕ್ಕಮ್ಮನಿಗೆ ಬಾಗಿಲಿದೆ. ಮೊದಲ ವಾರ ಅವಳು ಅದನ್ನು ಮನಸಾರೆ ಅನುಭವಿಸಿದಳು. ಹಾಸಿಗೆಯನ್ನು ಮಡಚಲೇ ಇಲ್ಲ, ಹಗಲೆಲ್ಲ ಹರಡಿಕೊಂಡೇ ಇರಲಿ ಎಂದು ಬಿಟ್ಟಳು. ಬಟ್ಟೆಯನ್ನು ಕುರ್ಚಿಯ ಮೇಲೆ ಎಸೆದು ನೋಡಿದಳು. ಆದರೆ ಬೆಳಗಿನ ಜಾವ ತಾನಾಗಿ ಎಚ್ಚರವಾಗಿ, ಹಾಯ್ ಎಂಬ ಸದ್ದಿಗೆ ಕಾಯುತ್ತ ಮಲಗಿರುತ್ತಿದ್ದಳು. ಗೋಡೆಗಳ ದಪ್ಪವನ್ನು ಅವಳು ಬಲ್ಲಳು, ಅವುಗಳ ಅಂದಾಜು ಹಾಕಿದವಳು ಅವಳೇ.

ಭಾನುವಾರದ ಆಟ ನಿಲ್ಲಲಿಲ್ಲ. ಅಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿ ಇಡುತ್ತಾರೆ, ಇಲ್ಲಿ ಇವಳು ತನ್ನ ದಾಳ ತಾನೇ ಉರುಳಿಸಿ ಬಿದ್ದದ್ದನ್ನು ಹೇಳುತ್ತಾಳೆ. ಸುಳ್ಳು ಹೇಳಿದರೆ ಹಿಡಿಯುವವರಿಲ್ಲ, ಆದರೂ ಹೇಳುವುದಿಲ್ಲ. ಮೊದಲ ಭಾನುವಾರ ಆಟ ಮುಗಿದು ಹುಡುಗಿ ಫೋನು ಇಡಲು ಹೋದಾಗ ಅಕ್ಕ ಇರಲಿ ಬಿಡು ಎಂದಳು. ಅದನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬದ ಪಕ್ಕದಲ್ಲಿಟ್ಟು ತನ್ನ ಪಾಡಿಗೆ ತಾನು ಕೆಲಸಕ್ಕೆ ತೊಡಗಿದಳು. ಅಂದಿನಿಂದ ಅದೇ ರೂಢಿಯಾಯಿತು. ಸಂಜೆಗತ್ತಲು ಕವಿಯುವ ತನಕ ಚಿಕ್ಕಮ್ಮ ದಿಂಬಿನ ಮೇಲೆ ಫೋನಿಟ್ಟುಕೊಂಡು ಕುಳಿತಿರುತ್ತಾಳೆ. ಪಾತ್ರೆ ಇಟ್ಟದ್ದು ಕೇಳಿಸುತ್ತದೆ. ಮೇಷ್ಟ್ರು ಚಪ್ಪಲಿ ಹುಡುಕುವುದು, ಸಡಿಲ ಕೀಲಿನ ಬಾಗಿಲು ದಡಾರನೆ ಹಾಕಿಕೊಳ್ಳುವುದು, ಅಕ್ಕ ಆ ಬಾಗಿಲನ್ನು ಬೈಯುವುದು, ಎಲ್ಲ ಕೇಳಿಸುತ್ತದೆ.

ಒಂದು ಸಂಜೆ ಆ ಕಡೆ ಧಡ್ ಎಂದು ಏನೋ ತಗುಲಿದ ಸದ್ದಾಯಿತು. ಹಿಂದೆಯೇ ಹಾಯ್ ಎಂಬ ಉದ್ಗಾರ. ಚಿಕ್ಕಮ್ಮ ನೆಟ್ಟಗೆ ಕುಳಿತಳು.

“ಏನಕ್ಕ ಅದು?”

“ಇನ್ನೇನು, ನಿಮ್ಮ ಭಾವ,” ಎಂದಳು ಅಕ್ಕ. “ನಿನ್ನ ಮಂಚ ತೆಗೆದಿಟ್ಟು ಎಷ್ಟು ದಿನ ಆಯ್ತು. ಅಷ್ಟಗಲ ಜಾಗ ಖಾಲಿ ಬಿದ್ದಿದೆ. ಆದ್ರೂ ಇನ್ನೂ, ಈಗ ಹಗಲಲ್ಲೂ, ಅದನ್ನ ಬಳಸ್ಕೊಂಡೇ ಓಡಾಡ್ತಾರೆ. ಟೇಬಲ್ಲಿಗೆ ತಗಲಿಸ್ಕೋತಾರೆ.” ಪಾತ್ರೆಗೆ ನೀರು ಸುರಿಯುವ ಸದ್ದು ಕೇಳಿಸಿತು. “ನಾನೂ ಹಾಗೇ ಹೋಗೋದು, ಬಿಡು. ಬಾಗಿಲು ಹಾಕ್ಕೊಂಡ್ಯಾ?”

“ಹಾಕ್ಕೊಂಡಿದ್ದೀನಿ.”

“ಚಿಲಕ ಗಟ್ಟಿ ಇದೆ ತಾನೆ?”

ಗಟ್ಟಿಯಿದೆ ಎಂದು ಹೇಳಿ ಚಿಕ್ಕಮ್ಮ ಫೋನನ್ನು ದಿಂಬಿನ ಮೇಲಿಟ್ಟಳು. ಭಾವನ ತೊಡೆಯನ್ನು ನೆನೆದು ನಗಲು ಹೊರಟವಳಿಗೆ ಅಳು ಬಂತು. ನಲ್ಲಿ ತಿರುಗಿಸುವ ಅಗತ್ಯವಿರಲಿಲ್ಲ. ಅಡುಗೆಮನೆಯ ಸದ್ದನ್ನು ಕೇಳುತ್ತ, ಸಾಕೆನಿಸುವ ತನಕ ಅತ್ತಳು. ಯಾರೂ ಬಂದು ಬಾಗಿಲು ತಟ್ಟಲಿಲ್ಲ.